ಟೊಂಯ್ ಟೊಂಯ್‌ಗೊಂದು ಹೆಸರು

ಇಷ್ಟಕ್ಕೆಲ್ಲ ಕಾರಣ ಒಂದು ಸದ್ದು. ಇಂಗ್ಲಿಷ್ ಆಡುವ ದೇಶಗಳಲ್ಲೆಲ್ಲ ಟೆಲಿಫೋನಿನ ಪದಗಳು ಒಂದೇ ಆಗಿರಲೆಂದು ಕೂತಿದ್ದ ಸಮಿತಿ ನಾನೂರು ಪದಗಳನ್ನು ಹೇಗೋ ದಡ ಸೇರಿಸಿತ್ತು. ಆಚೆಯವರು ಬೇರೆಯವರ ಜೊತೆ ಮಾತಿನಲ್ಲಿದ್ದಾಗ ಕೇಳುವ ಟೊಂಯ್ ಟೊಂಯ್ ಮಾತ್ರ ಉಳಿದಿತ್ತು. ಒಬ್ಬ ಪ್ರತಿನಿಧಿ ಅದನ್ನು ‘ಎಂಗೇಜ್ಡ್’ ಎಂದರೆ ಇನ್ನೊಬ್ಬರು ‘ಬ್ಯುಸಿ’ ಎನ್ನುತ್ತಿದ್ದರು.

ಸಂಜೆ ಐದರೊಳಗೆ ಇಬ್ಬರನ್ನೂ ಫೋನಿನಲ್ಲಿ ಹಿಡಿದು ಒಂದು ಹೆಸರಿಗೆ ಒಪ್ಪಿಸುವ ಕೆಲಸ ಸಮಿತಿಯ ಕಚೇರಿಯ ಗುಮಾಸ್ತರ ತಲೆಗೆ ಬಂತು. ಒಪ್ಪಿಗೆ ತಂದುಕೊಟ್ಟರೆ ಅವರ ಹನ್ನೊಂದು ವರ್ಷದ ಹಂಗಾಮಿ ನೌಕರಿ ಕಾಯಂ. “ಇವತ್ತಾದ್ರೂ ಒಳ್ಳೇ ಸುದ್ದಿ ಕೊಡಿ” ಎಂದು ಹೆಂಡತಿ ಬಾಗಿಲವರೆಗೂ ಬಂದು ಹೇಳಿದ್ದಳು.

ಮೊದಲನೆಯವರಿಗೆ ಫೋನು ಮಾಡಿದರೆ ಟೊಂಯ್ ಟೊಂಯ್. ಎರಡನೆಯವರಿಗೂ ಅದೇ. ಇಬ್ಬರೂ ಒಬ್ಬರೊಡನೊಬ್ಬರು ಫೋನಿನಲ್ಲೇ ಜಗಳವಾಡುತ್ತಿದ್ದರೆಂದು ಗುಮಾಸ್ತರಿಗೆ ಹೊಳೆಯಲಿಲ್ಲ.

ಪಕ್ಕದ ಮೇಜಿನಲ್ಲಿ ಅವರ ಭಾಮೈದ ಕೂತಿದ್ದ. ಅವನನ್ನು ಕೆಲಸಕ್ಕೆ ಸೇರಿಸಿದವರು ಇವರೇ. ಅವನ ಫೋನಿನ ಮೇಲೆ ಧೂಳು ಕೂತು ಎಷ್ಟೋ ದಿನವಾಗಿತ್ತು.

“ಭಾವಾ, ರಿಸೀವರ್ ಮಾತ್ರ ಕೆಳಗಿಡ್ಬೇಡಿ. ಇಟ್ರೆ ನಿಮ್ಮ ಸರದಿ ತಪ್ಪೋಗತ್ತೆ” ಎಂದ.

ಎದುರು ಮೇಜಿನ ಬೆರಳಚ್ಚಿನವಳೂ ಹೌದೆಂದು ತಲೆಯಾಡಿಸಿದಳು. ಗುಮಾಸ್ತರು ರಿಸೀವರನ್ನು ಕಿವಿಗೊತ್ತಿಕೊಂಡು ಕೂತರು. ಕಿಟಕಿಯ ಬಿಸಿಲು ಕಡತಗಳ ಮೇಲೆ ನಿಧಾನ ಸರಿಯಿತು. ಟೊಂಯ್ ಟೊಂಯ್ ಎಂಬುದು ಯಾರೋ ತೊಟ್ಟಿಲು ತೂಗಿದ ಹಾಗೆ ಕೇಳತೊಡಗಿತು.

ಕನಸಿನಲ್ಲಿ ಉದ್ದದ ತಂತಿಯ ಮೇಲೆ ನಾನೂರು ಗುಬ್ಬಿಗಳು ಸಾಲಾಗಿ ಕೂತಿದ್ದವು. ಪ್ರತಿಯೊಂದರ ಕೊರಳಲ್ಲೂ ಹೆಸರಿನ ಚೀಟಿ. ಹೆಸರಿಲ್ಲದ ಒಂದು ಮಾತ್ರ ಕೂರಲು ಜಾಗ ಕಾಣದೆ ಸುತ್ತುತ್ತಿತ್ತು. ಪಾಪ, ಹನ್ನೊಂದು ವರ್ಷದಿಂದ ಸುತ್ತುತ್ತಿದೆ ಎನ್ನಿಸಿ ಗುಮಾಸ್ತರಿಗೆ ಅಳು ಬಂತು. ಅಂಗೈ ಚಾಚಿದರು. ಅದು ಇಳಿಯುತ್ತ ಇಳಿಯುತ್ತ ಬಂದು, ಪಕ್ಕದ ಮೇಜಿನ ಮೇಲೆ ಕೂತಿತು.

ಎಚ್ಚರವಾದಾಗ ಐದೂ ಕಾಲು.

“ಆ ಇಬ್ಬರೂ ಮಧ್ಯಾಹ್ನವೇ ರಾಜಿಯಾಗಿ ನಿಮಗೆ ಹೇಳೋಣ ಅಂತ ಫೋನ್ ಮಾಡಿದ್ರಂತೆ ಭಾವಾ. ನಿಮ್ಮದು ಬರೀ ಟೊಂಯ್ ಟೊಂಯ್. ಕೊನೆಗೆ ನನಗೆ ಮಾಡಿದ್ರು. ಎಂಗೇಜ್ಡ್ ಅಂತ ಬರ್ಕೊಂಡು ಹೋಗಿ ಸಾಹೇಬ್ರಿಗೆ ಕೊಟ್ಟೆ” ಎಂದ ಭಾಮೈದ. ಸಾಹೇಬರು ಮೆಚ್ಚಿ, ಇದ್ದ ಒಂದೇ ಕಾಯಂ ಹುದ್ದೆಯನ್ನು ಅವನಿಗೇ ಬರೆದುಕೊಟ್ಟಿದ್ದರು.

“ನನ್ನ ಎಬ್ಬಿಸಬಾರದಿತ್ತೇನೋ?”

“ಎಷ್ಟು ಚೆನ್ನಾಗಿ ಮಲಗಿದ್ರಿ. ಮನಸ್ಸು ಬರ್ಲಿಲ್ಲ.”

ಗುಮಾಸ್ತರು ಹೊರಗಿನ ಜಗಲಿಗೆ ಹೋಗಿ ಕೂತರು. ತುಂಬ ಹೊತ್ತಿನ ಮೇಲೆ ಒಳಗೆ ಬಂದು, ಹೆಂಡತಿಗೆ ತಾವೇ ಹೇಳಿಬಿಡುವುದು ಮೇಲೆಂದು ಮನೆಗೆ ಫೋನು ಮಾಡಿದರು. ಟೊಂಯ್ ಟೊಂಯ್ ಕೇಳಿತು. ‘ಎಂಗೇಜ್ಡ್’ ಎಂದುಕೊಂಡರು.

ಪಕ್ಕದ ಮೇಜಿನಲ್ಲಿ ಭಾಮೈದ ಧೂಳು ಒರೆಸಿದ ಫೋನು ಹಿಡಿದು ಹೇಳುತ್ತಿದ್ದ: “ಹೂಂ ಅಕ್ಕಾ, ಕಾಯಂ ಆಯ್ತು. ಭಾವ ಬರೋದ್ರೊಳಗೆ ಏನಾದ್ರೂ ಸಿಹಿ ಮಾಡಿಡು.”