ಸಂಬಳದ ಅನುಪಾತದಲ್ಲಿ ಮೂರು ಸೀರೆ

ಚಳ್ಳಕೆರೆ ಹೈಸ್ಕೂಲಿನ ಗಣಿತದ ಮೇಷ್ಟ್ರು ಚಿಕ್ಕಬಸಪ್ಪನವರು ಆ ಭಾನುವಾರ ಬೆಳಿಗ್ಗೆ ಮಂಡಕ್ಕಿ ಒಗ್ಗರಣೆಯ ತಟ್ಟೆಯ ಮುಂದೆ ಕೂತು ಭೀಷ್ಮಪ್ರತಿಜ್ಞೆ ಮಾಡಿದರು.

"ನೋಡ್ತಿರು! ಇವತ್ತು ಮೊಳಕಾಲ್ಮೂರಲ್ಲಿ ನನ್ನ ಷಡ್ಡಕನಿಗೆ ನ್ಯಾಯ ಅಂದ್ರೇನು ಅಂತ ತೋರಿಸದಿದ್ರೆ, ಇಪ್ಪತ್ತೆರಡು ವರ್ಷ ನಾನು ಗಣಿತ ಹೇಳಿದ್ದೇ ದಂಡ!"

"ಮೊದ್ಲು ತಿನ್ರಿ, ಮೆತ್ತಗಾಗ್ತೈತೆ" ಎಂದರು ಹೆಂಡತಿ ಕೊಟ್ರಮ್ಮ.

ಷಡ್ಡಕ ಎಂದರೆ ಕೊಟ್ರಮ್ಮನ ತಂಗಿ ಶಿವರಂಜನಿಯ ಗಂಡ ಮಲ್ಲಿಕ್. ಸಾಫ್ಟ್‌ವೇರ್ ಇಂಜಿನಿಯರ್! ಇದು ೨೦೦೧ರ ಮಾತು. ಅವನಿಗೆ ತಿಂಗಳಿಗೆ ಇಪ್ಪತ್ತೇಳು ಸಾವಿರ, ಮೇಷ್ಟ್ರಿಗೆ ಒಂಬತ್ತು. ಈ ಎರಡು ಅಂಕಿಗಳು ನಾಲ್ಕು ವರ್ಷದಿಂದ ಮೇಷ್ಟ್ರ ಅನ್ನದಲ್ಲಿ ಕಲ್ಲಿನಂತೆ ಸಿಗುತ್ತಿದ್ದವು. ಡಾಕ್ಟರ್ ಹಗಲೂ ರಾತ್ರಿ ಓದಿರುತ್ತಾನೆ, ಸರಿ. ಲಾರಿ ಡ್ರೈವರ್ ನಿದ್ದೆಗೆಡುತ್ತಾನೆ, ಎಣ್ಣೆ ಮಿಲ್ಲಿನವನು ಬಂಡವಾಳ ಸುರಿಯುತ್ತಾನೆ, ಅದೂ ಸರಿ. ಏಸಿಯಲ್ಲಿ ಕೂತು ಹತ್ತು ಬೆರಳು ಆಡಿಸುವವನಿಗೆ ಇಪ್ಪತ್ತೇಳು ಸಾವಿರವೇ? ಸ್ಟಾಫ್ ರೂಮಿನಲ್ಲಿ ಈ ಪ್ರಶ್ನೆ ಕೇಳಿ ಕೇಳಿ ಸಹೋದ್ಯೋಗಿಗಳು ಇವರನ್ನು ಕಂಡರೆ ಗಂಟೆ ಹೊಡೆಯುವ ಮೊದಲೇ ಕ್ಲಾಸಿಗೆ ಓಡುತ್ತಿದ್ದರು.

ಈಗ ಕೊಂಡ್ಲಹಳ್ಳಿಯಲ್ಲಿ ಮಾವನವರ ಹೊಸ ಮನೆಯ ಗೃಹಪ್ರವೇಶ. ಅಳಿಯಂದಿರಿಬ್ಬರೂ ಸೇರಿ ಅತ್ತೆಗೊಂದು ರೇಷ್ಮೆ ಸೀರೆ ಉಡಿಸಬೇಕು. ಇಂಥದ್ದಕ್ಕೆಲ್ಲ ಇದುವರೆಗೆ ಅರ್ಧರ್ಧ ಹಾಕಿಕೊಂಡು ಬಂದಿದ್ದರು. ಇನ್ನು ಮುಂದೆ ಇಲ್ಲ!

"ಸಂಬಳದ ಅನುಪಾತ!" ಮೇಷ್ಟ್ರು ಬೆರಳೆತ್ತಿದರು. "ಒಂದಕ್ಕೆ ಮೂರು. ನಾನು ಒಂದು ಪಾಲು, ಅವನು ಮೂರು ಪಾಲು."

"ಬ್ಯಾಡ ರೀ" ಎಂದರು ಕೊಟ್ರಮ್ಮ. ಯಾಕೆ ಬೇಡ ಎಂದು ಹೇಳಲಿಲ್ಲ, ಮೇಷ್ಟ್ರು ಕೇಳಲೂ ಇಲ್ಲ.

ಮಧ್ಯಾಹ್ನ ಮೊಳಕಾಲ್ಮೂರಿನ ನೇಕಾರ ವೆಂಕಟೇಶಪ್ಪನ ಮನೆಯಲ್ಲಿ, ಮಗ್ಗದ ಪಕ್ಕದ ಚಾಪೆಯ ಮೇಲೆ ಅಳಿಯಂದಿರಿಬ್ಬರೂ ಅವರ ಹೆಂಡತಿಯರೂ ಕೂತರು. ಮೇಷ್ಟ್ರು ತಮ್ಮ ಸಿದ್ಧಾಂತವನ್ನು ಕರಿಹಲಗೆಯ ಮುಂದೆ ನಿಂತವರಂತೆ ಮಂಡಿಸಿದರು. ಮಲ್ಲಿಕ್ ಚಾಪೆಯ ಎಳೆ ಕೀಳುತ್ತಾ, "ಅಣ್ಣ, ಅದಕ್ಕೂ ಮುಂಚೆ ಒಂದು ಮಾತು..." ಎಂದ.

"ಮಾತೆಲ್ಲ ಆಮೇಲೆ! ವೆಂಕಟೇಶಪ್ಪ, ಒಂದು ಸೀರೆಗೆ ನಿನಗೆಷ್ಟು ಗಿಟ್ತೈತಪ್ಪ?"

"ನಾನೂ ನಮ್ ಪಾಲಮ್ಮನೂ ಹತ್ತು ದಿನ ಕೂತ್ರೆ ಒಂದು ಸೀರೆ ಸಾರ್. ನೂಲಿನ ಖರ್ಚು ಕಳೆದು ಎಂಟ್ನೂರು ಉಳಿದ್ರೆ ದೇವರ ದಯೆ."

"ಕೇಳಿದ್ಯಾ ಮಲ್ಲಿಕ್? ನಿನ್ನ ಒಂದು ದಿನದ ಸಂಬಳ ಇವರಿಬ್ಬರ ಹತ್ತು ದಿನದ ದುಡಿಮೆಗಿಂತ ನೂರು ರೂಪಾಯಿ ಜಾಸ್ತಿ! ಮಗ್ಗದೋನಿಗಿಂತ ಮೇಷ್ಟ್ರು ಮೇಲು, ಮೇಷ್ಟ್ರಿಗಿಂತ ಮೌಸ್ ಹಿಡಿದೋನು ಮೇಲು!"

ತಮ್ಮ ಪ್ರಾಸಕ್ಕೆ ತಾವೇ ನಕ್ಕರು. ಬೇರೆ ಯಾರೂ ನಗಲಿಲ್ಲ.

ವೆಂಕಟೇಶಪ್ಪ ಒಳಗೆ ತಿರುಗಿ ಹೆಂಡತಿಗೆ ತೆಲುಗಿನಲ್ಲಿ, "ಏಮೇ, ಆ ಎರ್ರ ಚೀರ ತೀಸ್ಕೊನಿ ರಾ" ಎಂದು ಕೂಗಿದ. ಪಾಲಮ್ಮ ಕೆಂಪು ಸೀರೆ ತಂದು ಬಿಡಿಸಿದಳು. ನಾಲ್ಕು ಸಾವಿರ. ಮೇಷ್ಟ್ರ ಪಾಲು ಬರೀ ಒಂದು ಸಾವಿರ! ನಾಲ್ಕು ಸಾವಿರದ ಸೀರೆ ಸಾವಿರಕ್ಕೆ ಸಿಗುವಾಗ ಒಂದಕ್ಕೇ ನಿಲ್ಲಿಸುವವನು ಮೂರ್ಖನಲ್ಲವೇ? ಕೊಟ್ರಮ್ಮನಿಗೂ ಒಂದಿರಲಿ ಎಂದರು. ಐದು ಸಾವಿರದ ಹಸಿರು ಸೀರೆ. ಉದಾರತೆ ಉಕ್ಕಿ, ಶಿವರಂಜನಿಗೂ ಮೂರು ಸಾವಿರದ್ದೊಂದು ಎತ್ತಿಟ್ಟರು.

"ನಂಗೆ ಬ್ಯಾಡ ಭಾವ" ಎಂದಳು ಶಿವರಂಜನಿ. ಅವಳ ದನಿ ಯಾಕೋ ಸಣ್ಣಗಾಗಿತ್ತು.

"ಅಣ್ಣ, ಸ್ವಲ್ಪ ಹೊರಗೆ ಬರ್ತೀರಾ? ಒಂದು..." ಎಂದ ಮಲ್ಲಿಕ್.

ಜಾರಿಕೊಳ್ಳಲು ನೋಡುತ್ತಿದ್ದಾನೆ! ಮೇಷ್ಟ್ರು ಚುರುಕಾದರು. "ಪಾಲಮ್ಮ, ಮೂರಕ್ಕೂ ಅರಿಶಿನ ಕುಂಕುಮ ಹಚ್ಚಿಬಿಡಮ್ಮ!" ಸೆರಗಿನ ಅಂಚಿಗೆ ಅರಿಶಿನ ಕುಂಕುಮ ಬಿದ್ದ ಸೀರೆಯನ್ನು ಆ ಮನೆಯಲ್ಲಿ ಯಾರೂ ವಾಪಸ್ ಕೊಟ್ಟಿದ್ದಿಲ್ಲ, ಯಾರೂ ಇಸಿದುಕೊಂಡಿದ್ದೂ ಇಲ್ಲ. ಕೊಟ್ರಮ್ಮ ಗಂಡನ ತೊಡೆ ಚಿವುಟಿದರು. ಮೇಷ್ಟ್ರು ತೊಡೆ ಸರಿಸಿಕೊಂಡರು. ಪಾಲಮ್ಮ ಮೂರು ಸೀರೆಗೂ ಬೊಟ್ಟಿಟ್ಟಳು.

"ಒಟ್ಟು ಹನ್ನೆರಡು ಸಾವಿರ!" ಮೇಷ್ಟ್ರು ಜೇಬಿನಿಂದ ಮೂರು ಸಾವಿರ ತೆಗೆದು ಚಾಪೆಯ ಮೇಲೆ ಬಡಿದರು. "ಇದು ನನ್ನ ಪಾಲು. ಹೂಂ, ನೀನು ಬಿಚ್ಚಪ್ಪ. ಸಂಬಳದ ಪ್ರಕಾರ!"

ಮಲ್ಲಿಕ್ ತಲೆ ಎತ್ತಿದ.

"ಸಂಬಳದ ಪ್ರಕಾರವೇ ಆದ್ರೆ ನನ್ನ ಪಾಲು ಸೊನ್ನೆ ಅಣ್ಣ. ನಮ್ಮ ಕಂಪನಿ ಮುಚ್ಚಿ ಮೂರು ತಿಂಗಳಾತು."

ಕೊಟ್ರಮ್ಮ ತಟ್ಟನೆ ಗಂಡನ ಮುಖ ನೋಡಿದರು. ಒಂಬತ್ತು ಸಾವಿರಕ್ಕೆ ಸೊನ್ನೆ. ಈ ಅನುಪಾತದಲ್ಲಿ ಹನ್ನೆರಡು ಸಾವಿರವನ್ನು ಹಂಚಿದರೆ ಯಾರ ಪಾಲಿಗೆ ಎಷ್ಟು ಎಂಬುದನ್ನು ಏಳನೇ ಕ್ಲಾಸಿನ ದಡ್ಡನೂ ಹೇಳಬಲ್ಲ. ಇಡೀ ತಿಂಗಳ ಸಂಬಳ, ಅದರ ಮೇಲೆ ಮೂರು ಸಾವಿರ!

ಅಷ್ಟರಲ್ಲಿ ಮಲ್ಲಿಕ್ ಜೇಬಿನಿಂದ ಮಡಿಸಿದ ನೋಟುಗಳನ್ನು ತೆಗೆದು, ಎರಡು ಸಲ ಎಣಿಸಿ, ಮೇಷ್ಟ್ರ ದುಡ್ಡಿನ ಪಕ್ಕ ಇಟ್ಟ. "ಎರಡು ಸಾವಿರ ಐತೆ ಅಣ್ಣ. ಅತ್ತೆ ಸೀರೆಗೆ ಯಾವಾಗ್ಲೂ ಹಾಕೋ ಹಂಗೆ ಅರ್ಧ."

ಮೇಷ್ಟ್ರು ನೆಲ ನೋಡಿದರು. ನೆಲ ಬಾಯಿ ತೆರೆಯಲಿಲ್ಲ.

"ಉಳಿದಿದ್ದು ನಿಧಾನಕ್ಕೆ ಕೊಡ್ರಿ ಮೇಷ್ಟ್ರೇ, ಎಲ್ಲಿಗೆ ಓಡಿಹೋಗ್ತೀರಾ" ಎಂದ ವೆಂಕಟೇಶಪ್ಪ. ಹತ್ತು ದಿನಕ್ಕೆ ಎಂಟುನೂರು ಕಾಣುವ ಮನುಷ್ಯ ತಿಂಗಳಿಗೆ ಒಂಬತ್ತು ಸಾವಿರ ಎಣಿಸುವವರಿಗೆ ಏಳು ಸಾವಿರದ ಸಾಲ ಕೊಟ್ಟು, ಮೇಲೆ ಮಜ್ಜಿಗೆಯನ್ನೂ ಕೊಟ್ಟ.

ಚಳ್ಳಕೆರೆಯ ಬಸ್ಸಿನಲ್ಲಿ ಮಲ್ಲಿಕ್, ಶಿವರಂಜನಿ ಮುಂದಿನ ಸೀಟಿನಲ್ಲಿ ಕೂತರು. ಮೂರು ಸೀರೆಯ ಗಂಟು ತೊಡೆಯ ಮೇಲಿಟ್ಟುಕೊಂಡು ಮೇಷ್ಟ್ರು ಹೆಂಡತಿಯ ಕಿವಿಯಲ್ಲಿ ಸಿಡುಕಿದರು.

"ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು."

"ನಿಮ್ಮ ಅಪ್ಪಂಗೆ? ಅವ್ವಂಗೆ?"

"ಎಲ್ರಿಗೂ ಗೊತ್ತು."

"ಹಂಗಾದ್ರೆ ನನಗೊಬ್ಬನಿಗೆ ಯಾಕೆ ಹೇಳ್ಲಿಲ್ಲ?"

"ನಿಮಗೆ ಖುಷಿ ಆಗ್ತೈತೆ ಅಂತ."

"ಏನೇ ಅಂದೆ? ಒಬ್ಬನ ಕೆಲಸ ಹೋದ್ರೆ ಖುಷಿ ಪಡೋ ಅಂಥ ಮನುಷ್ಯನಾ ನಾನು?"

"ಅವ್ನು ಸೊನ್ನೆ ಅಂದಾಗ ನಾನು ನಿಮ್ಮ ಮುಖಾನೇ ನೋಡ್ತಿದ್ದೆ ರೀ."

ಹನ್ನೆರಡು ಸಾವಿರದ ಲೆಕ್ಕ ತಲೆಗೆ ಹತ್ತುವ ಮುಂಚಿನ ಆ ಒಂದು ಗಳಿಗೆ ಮೇಷ್ಟ್ರಿಗೂ ಚೆನ್ನಾಗಿಯೇ ನೆನಪಿತ್ತು. ತೊಡೆಯ ಮೇಲಿನ ಸೀರೆಯ ಗಂಟನ್ನು ಮುಖಕ್ಕೆ ಅಡ್ಡ ಎತ್ತಿಕೊಂಡರು.