ಬಡಿಸುವವನೂ ಪಂಕ್ತಿಯಲ್ಲಿ ಕೂತಾಗ

ಆಯುಧಪೂಜೆಯ ದಿನ ಆಯುಧಗಳಿಗೆ ವಿಶ್ರಾಂತಿ ಕೊಡಬೇಕು ಎಂಬುದನ್ನು ನಾನು ಈಗಲೂ ಒಪ್ಪುತ್ತೇನೆ. ಆದರೆ ಆಯುಧ ಎಲ್ಲಿದೆಯೆಂದೇ ಗೊತ್ತಿಲ್ಲದಿದ್ದರೆ ಸ್ವಲ್ಪ ಯೋಚಿಸುವುದು ಒಳ್ಳೆಯದು. ಜರಗನಹಳ್ಳಿಯ ನಮ್ಮ ಪುಟ್ಟ ಕಚೇರಿ ಕಲ್ಯಾಣ ಮಂಟಪಗಳ ಬುಕಿಂಗ್ ನೋಡಿಕೊಳ್ಳುತ್ತದೆ. ಕೆಲಸ ಮಾಡುವ ಯಂತ್ರಗಳು ಇರುವುದು ಕ್ಲೌಡ್‌ನಲ್ಲಿ, ಅಂದರೆ ಯಾರದೋ ಕಟ್ಟಡದಲ್ಲಿ, ಬಾಡಿಗೆಗೆ. ಅವುಗಳ ಮುಖವನ್ನು ನಾವು ಕಂಡಿಲ್ಲ. ಕುಂಕುಮ ಹಚ್ಚೋಣವೆಂದರೆ ಹಣೆಯೇ ಇಲ್ಲ.

ಬಾಡಿಗೆ ಕೊಡುವವರು ಪ್ರತಿ ಯಂತ್ರಕ್ಕೂ ಒಂದು ರೆಡಿ ಡಿಸ್ಕ್ ಕೊಡುತ್ತಾರೆ. ಯಂತ್ರ ಅದನ್ನು ಓದಿಕೊಂಡು ಏಳುತ್ತದೆ. ನನಗೆ ಅದು ಒಗ್ಗದು. ನನ್ನದು ನೆಟ್‌ಬೂಟ್. ಯಾವ ಯಂತ್ರವೂ ಏನನ್ನೂ ಕಟ್ಟಿಟ್ಟುಕೊಳ್ಳಬಾರದು. ಎಚ್ಚರವಾದೊಡನೆ ನೆಟ್‌ವರ್ಕ್‌ನಲ್ಲಿ ಕೂಗಬೇಕು, ಬೂಟ್ ಸರ್ವರ್ ಎಂಬ ಒಂದು ಯಂತ್ರ ಏಳಲು ಬೇಕಾದ ಕಡತಗಳನ್ನು ಎಲ್ಲಕ್ಕೂ ಬಡಿಸಬೇಕು. ಒಂದು ಕಡೆ ತಿದ್ದಿದರೆ ಎಲ್ಲ ಕಡೆ ತಿದ್ದಿದಂತೆ.

"ಎಲ್ರೂ ರೆಡಿ ಡಿಸ್ಕೇ ಹಾಕ್ತಾರೆ ಸಾರ್," ಎನ್ನುತ್ತಿದ್ದ ಸಹೋದ್ಯೋಗಿ ಮಂಜ.

"ಎಲ್ರೂ ಪಾರ್ಸೆಲ್ ತಿಂತಾರೆ. ನಾನು ಎಲೆ ಹಾಕಿ ಬಡಿಸ್ತೀನಿ," ಎನ್ನುತ್ತಿದ್ದೆ.

ಹಬ್ಬದ ದಿನ ನಮ್ಮ ಒಡತಿ ವಸಂತಾ ಮೇಡಂ, "ಪಾಪ, ವರ್ಷವೆಲ್ಲ ದುಡೀತವೆ. ಆ ಕ್ಲೌಡ್ ಮಿಷಿನ್‌ಗಳ್ನೂ ಇವತ್ತು ಆಫ್ ಮಾಡ್ರೀ," ಎಂದರು. ಮಾಡಿದೆ. ಅವುಗಳ ಪರವಾಗಿ ನನ್ನ ಲ್ಯಾಪ್‌ಟಾಪ್ ಕುಂಕುಮ ಹಚ್ಚಿಸಿಕೊಂಡಿತು.

ವಿಜಯದಶಮಿಯ ಬೆಳಿಗ್ಗೆ ಎಲ್ಲವನ್ನೂ ಆನ್ ಮಾಡಿದೆ. ಕಂಡದ್ದನ್ನಷ್ಟೇ ಹೇಳುತ್ತೇನೆ: ಎಲ್ಲ ಯಂತ್ರಗಳೂ ಕೂಗುತ್ತಿದ್ದವು, ಯಾವುದೂ ಓಗೊಡುತ್ತಿರಲಿಲ್ಲ. ಬೂಟ್ ಸರ್ವರ್ ಕೂಡ ಕೂಗುತ್ತಿತ್ತು. ಪಂಕ್ತಿಭೇದ ಕೂಡದೆಂದು ಹಿಂದಿನ ತಿಂಗಳು ಅದನ್ನೂ ನಾನು ನೆಟ್‌ಬೂಟ್ ನಿಯಮಕ್ಕೆ ಸೇರಿಸಿದ್ದೆ. ಅಂದಿನಿಂದ ಅದು ಮಲಗಿರಲಿಲ್ಲ, ಹಾಗಾಗಿ ತಪ್ಪು ತಿಳಿದಿರಲಿಲ್ಲ. ಈಗ ಬಡಿಸುವವನೇ ಎಲೆ ಮುಂದೆ ಕೂತು, ಯಾರಾದರೂ ಬಡಿಸಿ ಎನ್ನುತ್ತಿದ್ದ.

ಮುಹೂರ್ತ ಗೊತ್ತುಮಾಡಲು ಜನ ಕಾಯುವ ದಿನ ಅದು. ಮೇಡಂ ಕೈಯಲ್ಲಿ ಎರಡು ಫೋನು. "ಮಂಟಪದೋರೆಲ್ಲ ಬೈತಿದಾರೆ ಶ್ರೀಧರ್. ಹತ್ತು ಗಂಟೆಯೊಳಗೆ ಏಳ್ಲಿಲ್ಲ ಅಂದ್ರೆ ನಿಮ್ ನೆಟ್‌ಬೂಟ್ ಕಿತ್ತಾಕಿ. ಎಲ್ಲಕ್ಕೂ ರೆಡಿ ಡಿಸ್ಕ್!"

"ಕೀಳಲ್ಲ ಮೇಡಂ," ಎಂದೆ. ಲ್ಯಾಪ್‌ಟಾಪನ್ನು ಹತ್ತಿರಕ್ಕೆ ಎಳೆದುಕೊಂಡೆ.

"ಗುರುವೇ, ಹಟ ಬಿಡಿ," ಎಂದ ಮಂಜ.

ಬಿಡಲಿಲ್ಲ. ಹೊಸ ಯಂತ್ರವೊಂದನ್ನು ಬಾಡಿಗೆಗೆ ಪಡೆದು, ಲ್ಯಾಪ್‌ಟಾಪಿನಲ್ಲಿದ್ದ ಬೂಟ್ ಕಡತಗಳನ್ನು ಅದಕ್ಕೆ ಸಾಗಿಸಿ, ಬಡಿಸಲು ನಿಲ್ಲಿಸಿದೆ. ಒಂದೊಂದಾಗಿ ಎಲ್ಲವೂ ಎದ್ದವು. ಹತ್ತಕ್ಕೆ ಇನ್ನೂ ಸ್ವಲ್ಪ ಹೊತ್ತಿತ್ತು. ಮೇಡಂ ಒಂದು ಫೋನನ್ನು ಕೆಳಗಿಟ್ಟರು.

"ನೋಡಿದ್ಯಾ ಮಗಾ, ನೆಟ್‌ಬೂಟ್!" ಎಂದೆ ಮಂಜನಿಗೆ.

"ಸಖತ್ ಸಾರ್. ಆ ಹೊಸ ಮಿಷಿನ್ ಮಾತ್ರ ಯಾವುದರಿಂದ ಎದ್ದಿದ್ದು?"

ರೆಡಿ ಡಿಸ್ಕಿನಿಂದ. ಆದರೆ ಅಷ್ಟು ಜನ ತೃಪ್ತಿಯಾಗಿ ಉಂಡೇಳುತ್ತಿರುವಾಗ, ಬಡಿಸುವವನು ಒಳಗೆ ಏನು ತಿಂದು ಬಂದ ಎಂದು ಕೇಳುವುದು ಮರ್ಯಾದೆಯಲ್ಲ. ಅದನ್ನೇ ಮಂಜನಿಗೆ ಹೇಳಿದೆ, ಅವನ ಮುಖ ನೋಡದೆ.