ಗುಂಯ್ ಅನ್ನೋ ಹಾಡಿನ ಸಹವಾಸ

ಮೈಕ್‌ಸೆಟ್ ಇಟ್ಟುಕೊಂಡವನು ನಗೆಪಾಟಲನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ, ಅದೇ ವಿಳಾಸ ಕೇಳಿಕೊಂಡು ಅಂಗಡಿಗೆ ಬರುತ್ತದೆ. ಹಿರಿಯೂರಿನಲ್ಲಿ ನನ್ನದೊಂದು ಅಂಗಡಿ. ಮದುವೆ, ಗೃಹಪ್ರವೇಶ, ತಿಥಿ, ಎಲೆಕ್ಷನ್ನು, ಯಾವುದಾದರೂ ಸರಿ, ಸ್ಪೀಕರ್ ಕಟ್ಟಿ ಹಾಡು ಹಾಕುವುದು ನನ್ನ ಕೆಲಸ. ಹೋದ ವರ್ಷ ಹೆಂಡತಿ ತೀರಿಕೊಂಡಳು. ಅಲ್ಲಿಂದ ಮಾತಿರುವ ಹಾಡು ಕೇಳಲಾರದವನಾದೆ. ಪ್ರೀತಿಯ ಹಾಡು ಬಂದರೆ ಅವಳ ನೆನಪು, ಜಗಳದ ಹಾಡು ಬಂದರೆ ಇನ್ನೂ ಜಾಸ್ತಿ ಅವಳ ನೆನಪು. ದೇವರ ಹಾಡು ಬಂದರೆ ದೇವರ ಮೇಲೇ ಸಿಟ್ಟು.

ಮಾತೇ ಇಲ್ಲದ್ದು ಏನಾದರೂ ಸಿಗುತ್ತದಾ ಅಂತ ಫೋನಿನಲ್ಲಿ ಹುಡುಕುತ್ತಾ ಹೋದರೆ ಬೇರೆಯದೇ ಒಂದು ಲೋಕ ಸಿಕ್ಕಿತು. ಎಲ್ಲೆಲ್ಲಿಯದೋ ದೇಶಗಳಲ್ಲಿ ಒಬ್ಬೊಬ್ಬರೇ ಕೋಣೆಯಲ್ಲಿ ಕೂತು, ಮಿಷನ್ನಿನಲ್ಲಿ ಸದ್ದು ಹೊರಡಿಸಿ, ಯಾವ ಕಂಪನಿಯ ಹಂಗೂ ಇಲ್ಲದೆ ತಾವೇ ಇಂಟರ್‌ನೆಟ್ಟಿಗೆ ಬಿಡುತ್ತಾರೆ. ಆಂಬಿಯೆಂಟ್ ಅನ್ನುತ್ತಾರಂತೆ. ಕೆಲವು ದೂರದಲ್ಲಿ ಮಳೆ ಹುಯ್ದ ಹಾಗೆ, ಕೆಲವು ಜನವೆಲ್ಲ ಹೋದ ಮೇಲಿನ ಬಸ್‌ಸ್ಟ್ಯಾಂಡಿನ ಹಾಗೆ. ನನಗೆ ಹಿಡಿಸಿತು. ಅದು ಸಮಾಧಾನ ಹೇಳಲು ಬರುವುದಿಲ್ಲ, ಪಕ್ಕದಲ್ಲಿ ಸುಮ್ಮನೆ ಕುಂತಿರುತ್ತದೆ. ಆದರೆ ನಮ್ಮ ಸುತ್ತಮುತ್ತಲಿನವರು ಸುಮ್ಮನೆ ಕುಂತಿರುವ ಪೈಕಿ ಅಲ್ಲವಲ್ಲ.

ಅರ್ತಿಂಗು

ಪಕ್ಕದ ಮನೆಯವರು ರಿಟೈರ್ಡ್ ಲೈನ್‌ಮನ್. ನನ್ನ ಹೆಂಡತಿ ಹೋದಮೇಲೆ ದಿನಾ ಬೆಳಿಗ್ಗೆ ಟೀ ಕುಡಿಯುವ ನೆಪದಲ್ಲಿ ಅಂಗಡಿಗೆ ಬಂದು, ನಾನು ಇದ್ದೇನೋ ಇಲ್ಲವೋ ನೋಡಿಕೊಂಡು ಹೋಗುತ್ತಿದ್ದರು. ಒಂದಿನ ಹೊಸದಾಗಿ ಸಿಕ್ಕಿದ್ದೊಂದನ್ನು ದೊಡ್ಡ ಸ್ಪೀಕರಿಗೆ ಹಾಕಿ ಕೇಳುತ್ತಿದ್ದೆ. ಬಾಗಿಲಲ್ಲೇ ನಿಂತರು.

"ಲೇ, ಗುಂಯ್ ಅಂತೈತೆ. ಆಫ್ ಮಾಡು, ಸುಟ್ಟುಗಿಟ್ಟು ಹೋದೀತು."

"ಸೆಟ್ಟಿಗೇನೂ ಆಗಿಲ್ಲಣ್ಣ. ಅದೇ ಹಾಡು."

ಅವರು ಒಳಗೆ ಬಂದು ನನ್ನ ಮುಖ ನೋಡಿದರು. ದನಿ ತಗ್ಗಿಸಿ, "ಏನಪ್ಪ, ಊಟಗೀಟ ಸರಿಯಾಗಿ ಮಾಡ್ತಿದೀಯ ತಾನೆ?" ಅಂದರು. ಆಮೇಲೆ ಮನೆಗೆ ಹೋಗಿ, ಒಂದು ಕೊಡ ಉಪ್ಪುನೀರು ತಂದು ನನ್ನ ಅಂಗಡಿ ಹಿಂದಿನ ಅರ್ತ್ ಗುಂಡಿಗೆ ಸುರಿದರು. ಅದೇ ಹೊತ್ತಿಗೆ ಹಾಡು ಮುಗಿಯಬೇಕೆ!

"ನೋಡ್ದ್ಯಾ? ಅರ್ತ್ ಒಣಗಿತ್ತು, ಅದಕ್ಕೇ ಗುಂಯ್ ಅಂತಿತ್ತು. ನಾನೇನು ಸುಮ್ನೆ ಸರ್ವಿಸ್ ಮಾಡಿದ್ನಾ?" ಅಂತ ಟವೆಲಿನಲ್ಲಿ ಕೈ ಒರೆಸಿಕೊಂಡರು.

ಅಷ್ಟರಲ್ಲಿ ಮುಂದಿನ ಹಾಡು ಶುರುವಾಯಿತು. ಅದೂ ಗುಂಯ್.

"ತಡಿ," ಅಂದರು. "ಇನ್ನೊಂದು ಕೊಡ ತರ್ತೀನಿ."

ವ್ಯಾನಿನೊಳಗಿನ ಕುರಿ

ಜವನಗೊಂಡನಹಳ್ಳಿಯಲ್ಲಿ ಒಂದು ಕೆಲಸ ಮುಗಿಸಿ ವಾಪಸ್ ಬರುವಾಗ ರಸ್ತೆ ಪಕ್ಕ ಬೇವಿನಮರದ ನೆರಳಲ್ಲಿ ವ್ಯಾನು ನಿಲ್ಲಿಸಿ ಬುತ್ತಿ ಬಿಚ್ಚಿದ್ದೆ. ಒಬ್ಬನೇ ಉಣ್ಣುವುದು ಇನ್ನೂ ಅಭ್ಯಾಸ ಆಗಿರಲಿಲ್ಲ, ಅದಕ್ಕೆ ಹಿಂದಿನ ಸ್ಪೀಕರಿನಲ್ಲಿ ಒಂದು ಹಾಡು ಹಚ್ಚಿದ್ದೆ. ಉದ್ದಕ್ಕೆ ಎಳೆದೆಳೆದು ನರಳುವಂಥ ಸದ್ದು. ಕುರಿಮಂದೆಯೊಂದು ಬಂದು ವ್ಯಾನಿನ ಸುತ್ತ ನಿಂತುಬಿಟ್ಟಿತು. ಹಿಂದೆಯೇ ಕಂಬಳಿ ಹೊದ್ದ ಯಜಮಾನ.

"ಸ್ವಾಮಿ, ಹಿಂದಿನ ಬಾಗ್ಲು ತೆಗೀರಿ."

"ಯಾಕೆ?"

"ಒಳಗೆ ಕುರಿ ಐತೆ. ನಮ್ದೇ ಇರ್ಬೇಕು."

ತೆಗೆದು ತೋರಿಸಿದೆ. ಅವನು ವೈರಿನ ಸುರುಳಿಯನ್ನೆಲ್ಲ ಎತ್ತಿ ನೋಡಿದ. ಕೊನೆಗೆ ಸ್ಪೀಕರಿನ ಮೇಲೆ ಅಂಗೈ ಇಟ್ಟು, ಬೆಚ್ಚಿ ತೆಗೆದ.

"ಇದು ಹಾಡು ಯಜಮಾನ್ರೇ. ಯಾವುದೋ ದೇಶದಲ್ಲಿ ಒಬ್ಬ ಮಾಡಿದ್ದು."

"ಆವಪ್ಪಂಗೆ ಮನ್ಯಾಗೆ ಯಾರೂ ಇಲ್ವಾ?"

"ಗೊತ್ತಿಲ್ಲ."

ಅವನು ಅಲ್ಲೇ ಕುಕ್ಕರುಗಾಲಲ್ಲಿ ಕುಂತು ಪೂರ್ತಿ ಕೇಳಿದ. ಅಷ್ಟು ಮನಸ್ಸಿಟ್ಟು ಕೇಳಿದವರನ್ನು ನಾನು ನೋಡಿರಲಿಲ್ಲ. ಕೊನೆಗೂ ಜೊತೆಗೊಬ್ಬ ಸಿಕ್ಕ ಅಂದುಕೊಂಡೆ. ಮುಗಿದ ಮೇಲೆ ಎದ್ದು ಕೋಲು ತಗೊಂಡು ಹೇಳಿದ:

"ಆವಪ್ಪಂಗೆ ಹೊಟ್ಟೆ ಉಬ್ಬರಾನೇ, ಅನುಮಾನ ಇಲ್ಲ. ಓಂಕಾಳು ಅರೆದು ಕುಡಿಸಾಕೆ ಹೇಳ್ರಿ."

ಮುಂಗಡ ಬುಕಿಂಗ್

ಹೊಳಲ್ಕೆರೆಯ ಒಂದು ಗೃಹಪ್ರವೇಶ. ಊಟದ ಹೊತ್ತಿಗೆ ಹಾಕಬೇಕಾದ ಪೆನ್‌ಡ್ರೈವ್ ಬಿಟ್ಟು ಕೈತಪ್ಪಿ ನನ್ನ ಸ್ವಂತದ್ದನ್ನು ಚುಚ್ಚಿ, ನಾನೂ ಉಣ್ಣಲು ಕುಂತೆ. ಹೋಳಿಗೆ ಬಡಿಸುತ್ತಿದ್ದರು. ನಿಧಾನಕ್ಕೆ ಪಂಕ್ತಿಯಲ್ಲಿ ಮಾತು ನಿಂತಿತು. ಒಬ್ಬ ಅಜ್ಜಿ ತುತ್ತು ಕೈಯಲ್ಲೇ ಹಿಡಿದುಕೊಂಡು, "ನಮ್ಮಕ್ಕ ಇದ್ದಿದ್ರೆ" ಅಂತ ಕಣ್ಣೊರೆಸಿಕೊಂಡಳು. ಪಕ್ಕದವಳೂ ಶುರು ಮಾಡಿದಳು. ಆಗ ತಾನೇ ಉಡುಗೊರೆ ಹಿಡಿದುಕೊಂಡು ಬಂದವರು ಬಾಗಿಲಲ್ಲಿ ಚಪ್ಪಲಿ ಬಿಡುತ್ತಾ, "ಯಾರು ಹೋಗಿದ್ದು? ಯಾವಾಗ?" ಅಂದರು.

ನಾನು ಎಂಜಲು ಕೈಯಲ್ಲೇ ಓಡಿದೆ. ಆಂಪ್ಲಿಫೈಯರ್ ಪಕ್ಕ ಕುರ್ಚಿ ಹಾಕಿಕೊಂಡು ಕುಂತಿದ್ದವರು ಮನೆ ಯಜಮಾನನ ಅಪ್ಪ, ಹಣ್ಣುಹಣ್ಣು ಮುದುಕರು. ನನ್ನ ಕೈ ಹಿಡಿದುಕೊಂಡರು.

"ತೆಗೀಬ್ಯಾಡ. ಚೆನ್ನಾಗೈತೆ. ನನ್ನ ದಿವಸಕ್ಕೆ ಇದನ್ನೇ ಹಾಕು. ಈ ಭಜನೆಯೋರು ಬ್ಯಾಡ, ಶ್ರುತಿ ಬಿಡ್ತಾರೆ."

"ಅಜ್ಜಾ, ಶುಭಕಾರ್ಯದಾಗೆ ಹಂಗೆಲ್ಲ ಅನ್ಬಾರ್ದು."

"ಅಂದ್ರೇನಾತು? ಬರ್ತೀಯೋ ಇಲ್ವೋ ಹೇಳು."

"ಆಯ್ತು, ಬರ್ತೀನಿ."

"ಜೋರಾಗಿ ಇಡು ಮತ್ತೆ," ಅಂದರು. "ನಂಗೆ ಕಿವಿ ಸರಿಯಾಗಿ ಕೇಳ್ಸಲ್ಲ."

ಒಂದು ಚುಕ್ಕಿ

ಮಂಜು ಬೀಳುವ ಯಾವುದೋ ದೇಶದ ಒಬ್ಬ ಹೆಣ್ಣುಮಗಳು ಒಂದು ಹಾಡು ಬಿಟ್ಟಿದ್ದಳು. ಕೇಳುವವರು ಯಾರೂ ಇದ್ದಂತೆ ಕಾಣಲಿಲ್ಲ. ಮಾರಿಕಣಿವೆಯ ಹಿನ್ನೀರಿನ ದಡದಲ್ಲಿ ಕುಂತು ಅದನ್ನು ಕೇಳಿದೆ. ಹೆಂಡತಿ ಹೋದಾಗ ಎಲ್ಲರ ಮುಂದೆ ಬಾರದ ಅಳು ಅವತ್ತು ಬಂತು. ಅತ್ತು ಹಗುರಾದೆ. ಈ ಹುಡುಗಿಗೆ ಒಂದು ಮಾತು ತಿಳಿಸಬೇಕು ಅನ್ನಿಸಿ, ಫೋನಿನಲ್ಲಿ ಕನ್ನಡದಲ್ಲೇ ಟೈಪ್ ಮಾಡಿ, ಅದರಿಂದಲೇ ಇಂಗ್ಲಿಷಿಗೆ ತರ್ಜುಮೆ ಮಾಡಿಸಿ ಕಳಿಸಿದೆ:

"ನನ್ನ ಹೆಂಡತಿ ತೀರಿಹೋದಳು ನಿಮ್ಮ ಹಾಡು ಕೇಳಿ ಸಮಾಧಾನ ಆಯಿತು ಇಂಥದ್ದು ಇನ್ನೂ ಮಾಡಿ."

ಚುಕ್ಕಿ, ಅಲ್ಪವಿರಾಮ ಹಾಕುವ ಅಭ್ಯಾಸ ನನಗೆ ಮೊದಲಿನಿಂದಲೂ ಇಲ್ಲ.

ಕೆಲವು ದಿನ ಬಿಟ್ಟು ನೋಡಿದರೆ ಹಾಡೇ ಮಾಯ. ಅವಳಿಂದ ಉದ್ದನೆಯ ಉತ್ತರ ಬಂದಿತ್ತು. ಚಿತ್ರದುರ್ಗದಲ್ಲಿ ಓದುವ ಮಗಳು ಭಾನುವಾರ ಮನೆಗೆ ಬಂದಾಗ ಫೋನು ಕೊಟ್ಟು, "ಏನಂದವ್ಳೆ ನೋಡವ್ವ," ಅಂದೆ. ಅವಳು ಓದುತ್ತಾ ಓದುತ್ತಾ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು.

"ಅಪ್ಪಾ, ನೀನು ಏನಂತ ಬರೆದಿದ್ದೆ?"

"ಯಾಕವ್ವ?"

"ನನ್ನ ಹಾಡು ಕೇಳಿ ನಿಮ್ಮ ಹೆಂಡತಿ ಸತ್ತರು ಅಂತ ತಿಳಿದಾಗಿಂದ ಊಟ ಸೇರ್ತಿಲ್ಲ, ಹಾಡನ್ನ ತೆಗೆದುಹಾಕಿದೀನಿ ಅಂತ ಬರ್ದವ್ಳೆ. ಆದ್ರೆ ಅದರಿಂದ ನಿಮಗೆ ಸಮಾಧಾನ ಆಯ್ತು ಅಂದಿದ್ದು, ಇಂಥದ್ದು ಇನ್ನೂ ಮಾಡಿ ಅಂದಿದ್ದು ಯಾಕೆ, ಪೊಲೀಸರಿಗೆ ಗೊತ್ತಾ, ಅಂತ ಕೇಳ್ತವ್ಳೆ."

ಅಷ್ಟು ಹೇಳಿ ಮಗಳು ಮಂಚದ ಮೇಲೆ ಬಿದ್ದು ನಕ್ಕಳು. ಅವಳಮ್ಮ ಹೋದಮೇಲೆ ಆ ಮನೆಯಲ್ಲಿ ಯಾರೂ ಹಾಗೆ ನಕ್ಕಿರಲಿಲ್ಲ. "ಅಮ್ಮ ಕೇಳಿದ್ರೆ ನಿನ್ನ ಸುಮ್ನೆ ಬಿಡ್ತಿದ್ಲಾ?" ಅಂದಳು. ನನಗೂ ನಗು ಬಂತು. ನಕ್ಕು ನಕ್ಕು, ಎಲ್ಲಿಂದ ಅಳು ಶುರುವಾಯಿತೋ ಇಬ್ಬರಿಗೂ ತಿಳಿಯಲಿಲ್ಲ.

ಆಮೇಲೆ ಮಗಳೇ ಕುಂತು, ಚುಕ್ಕಿ ಅಲ್ಪವಿರಾಮ ಎಲ್ಲ ಹಾಕಿ, ಒಳ್ಳೇ ಇಂಗ್ಲಿಷಿನಲ್ಲಿ ವಿವರವಾಗಿ ಬರೆದು ಕ್ಷಮೆ ಕೇಳಿದಳು. ಹಾಡು ವಾಪಸ್ ಬಂತು. ಅದರ ಕೆಳಗೆ ಆ ಹೆಣ್ಣುಮಗಳು ಹೊಸದಾಗಿ ಒಂದು ಸಾಲು ಸೇರಿಸಿದ್ದಳು. ಮಗಳು ಓದಿ ಹೇಳಿದಳು:

"ಈ ಹಾಡು ಕೇಳಿ ಯಾರೂ ಸತ್ತಿಲ್ಲವೆಂದು ಇಂಡಿಯಾದ ಕೇಳುಗರೊಬ್ಬರು ಖಚಿತಪಡಿಸಿದ್ದಾರೆ."